ರೀಪ್ಯಾಕೇಜ್: ಬಿಚ್ಚಿ ಕಟ್ಟಬೇಕೇ, ಹೊಸ ವೇಷ ತೊಡಿಸಬೇಕೇ?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಒಂದೇ ಇಂಗ್ಲಿಷ್ ಪದವನ್ನು ಹಿಡಿದುಕೊಂಡು ನನ್ನ ಬಳಿ ಬಂದರು. ಮೊದಲನೆಯವಳು ಡೊಂಬಿವಿಲಿಯ ಗೆಳತಿ. ವಾಶಿಯ ಮಸಾಲೆ ಮಾರುಕಟ್ಟೆಯಿಂದ ಗೋಣಿ ಲೆಕ್ಕದಲ್ಲಿ ಬ್ಯಾಡಗಿ ಮೆಣಸಿನ ಪುಡಿ, ಕೊತ್ತಂಬರಿ, ಅರಿಸಿನ ತಂದು ನೂರು ಗ್ರಾಮಿನ ಪೊಟ್ಟಣ ಮಾಡುತ್ತಾಳೆ. ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಸಭಾಂಗಣದ ಹೊರಗೆ ಮೇಜು ಹಾಕಿ ಮಾರುತ್ತಾಳೆ. "ಅಕ್ಕಾ, ಪರವಾನಗಿಯಲ್ಲಿ ನನ್ನನ್ನು ರೀಪ್ಯಾಕರ್ ಎಂದು ಬರೆದಿದ್ದಾರೆ. ಚೀಟಿಯ ಮೇಲೆ ಕನ್ನಡದಲ್ಲಿ ಏನೆಂದು ಹಾಕಿಸಲಿ?" ಎಂಬುದು ಅವಳ ಪ್ರಶ್ನೆ. ಎರಡನೆಯವನು ಇಲ್ಲಿ ಮುಂಬಯಿಯ ಕನ್ನಡ ಪತ್ರಿಕೆಯೊಂದರ ಎಳೆಯ ವರದಿಗಾರ. ಸರ್ಕಾರ ಹಳೆಯ ಯೋಜನೆಯನ್ನೇ ರೀಪ್ಯಾಕೇಜ್ ಮಾಡಿದೆ ಎಂದು ಪ್ರತಿಪಕ್ಷದ ನಾಯಕರೊಬ್ಬರು ಹೇಳಿದ್ದನ್ನು ಬರೆಯಲು ಹೊರಟು, ರಾತ್ರಿ ಪುಟ ಮುಗಿಸುವ ಹೊತ್ತಿಗೆ ಫೋನ್ ಮಾಡಿದ. ಮೂರನೆಯವರು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕೆಲಸ ಮಾಡುವ ಬ್ಯಾಂಕ್ ಅಧಿಕಾರಿ. ಗ್ರಾಹಕರಿಗಾಗಿ ಸಿದ್ಧವಾಗುತ್ತಿದ್ದ ಕನ್ನಡ ಕೈಪಿಡಿಯಲ್ಲಿ ಸಾಲಗಳನ್ನು ರೀಪ್ಯಾಕೇಜ್ ಮಾಡುವ ಒಂದು ಪುಟವಿತ್ತು.

ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಆದರೆ ಒಂದು ಪದ ಮೂರೂ ಕಡೆ ಸಲ್ಲುವುದಿಲ್ಲ. ಆ ವಾರ ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿರುವವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಮೊದಲು ಆ ಕ್ರಿಯಾಪದದ ಜಾತಕ. ಪ್ಯಾಕ್ ಎಂಬುದು ಇಂಗ್ಲಿಷಿಗೆ ಸುಮಾರು 13ನೆಯ ಶತಮಾನದಲ್ಲಿ, ಡಚ್ ಸೀಮೆಯ ಮಾತಿನಿಂದ, ಉಣ್ಣೆಯ ವ್ಯಾಪಾರದ ಜೊತೆ ಬಂದದ್ದು. ಅಂದರೆ ಅದು ಮೂಲದಲ್ಲಿ ಮೂಟೆ, ಗಂಟು. ನಮ್ಮ ಗೋಣಿಯ ದಾಯಾದಿ. ಪ್ಯಾಕೇಜ್ ಅದರ ಮೇಲೆ ಬೆಳೆದ ಪದ. ಇಂದಿನ ಬಳಕೆಯಲ್ಲಿ ರೀಪ್ಯಾಕ್ ಮತ್ತು ರೀಪ್ಯಾಕೇಜ್ ಎರಡೂ ಇವೆ, ಮತ್ತು ಅವುಗಳ ನಡುವೆ ಕೂದಲೆಳೆಗಿಂತ ದಪ್ಪದ ವ್ಯತ್ಯಾಸವಿದೆ. ವಿಮಾನ ನಿಲ್ದಾಣದಲ್ಲಿ ಸುಂಕದವರು ನಿಮ್ಮ ಪೆಟ್ಟಿಗೆ ತೆಗೆಸಿ ನೋಡಿದ ಮೇಲೆ ನೀವು ಸೀರೆ, ಹಪ್ಪಳಗಳನ್ನು ಮತ್ತೆ ತುರುಕುತ್ತೀರಲ್ಲ, ಅದು ರೀಪ್ಯಾಕ್. ಅದನ್ನು ಯಾರೂ ರೀಪ್ಯಾಕೇಜ್ ಎನ್ನುವುದಿಲ್ಲ. ರೀಪ್ಯಾಕೇಜ್ ಎಂದಾಗ ಎದುರಿಗೆ ಒಬ್ಬ ನೋಡುಗ ಇರುತ್ತಾನೆ: ಕೊಳ್ಳುವವನು, ಮತ ಹಾಕುವವನು, ಅಭಿಮಾನಿ. ಅವನ ಕಣ್ಣಿಗೆ ಹೊಸದಾಗಿ, ಹೆಚ್ಚು ಚೆನ್ನಾಗಿ ಕಾಣಲಿ ಎಂಬ ಉದ್ದೇಶ ಅದರಲ್ಲಿ ಸೇರಿಕೊಂಡಿದೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ, ಒಳಗಿನದು ಹಳೆಯದೇ ಎಂಬ ಆರೋಪ.

ಹಾಗಾಗಿ ಕನ್ನಡದ ಪದ ಆರಿಸುವ ಮುನ್ನ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು. ನಿಜವಾಗಿ ಏನನ್ನಾದರೂ ಬಿಚ್ಚಿದ್ದಾರೆಯೇ, ಅಥವಾ ಮಾತಿಗೆ ಹೇಳುತ್ತಿದ್ದಾರೆಯೇ? ಒಳಗಿನ ವಸ್ತು ಹಾಗೆಯೇ ಉಳಿದಿದೆಯೇ, ಬದಲಾಗಿದೆಯೇ? ಹೇಳುವವರ ದನಿಯಲ್ಲಿ ಮೆಚ್ಚುಗೆ ಇದೆಯೇ, ಚುಚ್ಚು ಇದೆಯೇ, ಬರೀ ಮಾಹಿತಿಯೇ? ಇವು ಮೂರೂ ಅರ್ಥಕ್ಕೆ ಸಂಬಂಧಿಸಿದವು. ಇನ್ನೆರಡು ಹೊಟ್ಟೆಪಾಡಿನವು: ಎಷ್ಟು ಜಾಗವಿದೆ, ಮತ್ತು ಮುಂಬಯಿಯ ಅಚ್ಚಿನ ಅಂಗಡಿಯಲ್ಲಿ ಅದು ಒಡೆಯದೆ ಮುದ್ರಣವಾಗುತ್ತದೆಯೇ. ಕೊನೆಯದನ್ನು ಕೇಳಿ ಬೆಂಗಳೂರಿನವರು ನಗಬಹುದು. ಇಲ್ಲಿ ಕಂಪ್ಯೂಟರಿನ ಮುಂದೆ ಕೂತವನಿಗೆ ಕನ್ನಡ ಬರುವುದಿಲ್ಲ. ಅಕ್ಷರ ಜೋಡಿಸುವಾಗ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದರೂ ಅವನಿಗೆ ಅದೊಂದು ಚಿತ್ತಾರ ಅಷ್ಟೇ.

ಈಗ ಆಯ್ಕೆಗಳು. ಎಲ್ಲಕ್ಕಿಂತ ಅಗ್ಗದ್ದು ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬರೆದು "ಮಾಡು" ಸೇರಿಸುವುದು: ರೀಪ್ಯಾಕ್ ಮಾಡು, ರೀಪ್ಯಾಕೇಜ್ ಮಾಡು. ಇದಕ್ಕೆ ಮೂಗು ಮುರಿಯುವವರಲ್ಲಿ ನಾನಿಲ್ಲ. ವಾಶಿಯಲ್ಲಿ ಗೋಣಿ ಹೊರುವವನಿಂದ ಹಿಡಿದು ಲೆಕ್ಕ ಬರೆಯುವವನವರೆಗೆ, ಕನ್ನಡ, ಮರಾಠಿ, ಗುಜರಾತಿ ಎಲ್ಲರಿಗೂ ತಿಳಿಯುವ ಪದ ಅದು. ಸಮಸ್ಯೆ ಬರುವುದು ಓದುಗ ಊರಿನಲ್ಲಿ ಕೂತ ಅತ್ತೆಯಾದಾಗ. ಅವರಿಗೆ ಪ್ಯಾಕ್ ಗೊತ್ತು, ಪ್ಯಾಕೆಟ್ ಗೊತ್ತು. ಪದದ ಮೊದಲಿನ "ರೀ" ಎಂಬುದು ಗಂಡನನ್ನು ಕರೆಯುವ ದನಿಯಂತೆ ಕೇಳುತ್ತದೆ.

"ಮರುಪ್ಯಾಕ್ ಮಾಡು" ಎಂಬುದು ಅರ್ಧ ದಾರಿಯ ಒಪ್ಪಂದ. ಮರುಮುದ್ರಣ, ಮರುಎಣಿಕೆ, ಮರುಪಾವತಿಗಳ ಸಾಲಿನಲ್ಲಿ ಅದು ನಿಂತುಕೊಳ್ಳುತ್ತದೆ. ಚಿಕ್ಕದು, ಅರ್ಥವಾಗುತ್ತದೆ, ಕಚೇರಿಯ ಕಾಗದಕ್ಕೆ ಒಪ್ಪುತ್ತದೆ. ಆದರೆ ಅದು ವಸ್ತುವಿಗೆ ಮಾತ್ರ. ಯೋಜನೆಯನ್ನು ಮರುಪ್ಯಾಕ್ ಮಾಡಿದರು ಎಂದರೆ ಕಡತಗಳನ್ನು ಪೆಟ್ಟಿಗೆಗೆ ತುಂಬಿದಂತಾಗುತ್ತದೆ. "ಪುನಃ ಪೊಟ್ಟಣೀಕರಣ" ಎಂಬ ರೂಪವನ್ನೂ ಒಬ್ಬರು ನನಗೆ ಸೂಚಿಸಿದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೂರು ಗ್ರಾಮಿನ ಪೊಟ್ಟಣಕ್ಕಿಂತ ಪದವೇ ಭಾರ.

ನನಗೆ ಹೆಚ್ಚು ಇಷ್ಟವಾದದ್ದು ಕನ್ನಡ ತಾನಾಗಿ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಕ್ರಿಯೆ ಎರಡನೆಯ ಸಲ ನಡೆಯಿತು ಎನ್ನಲು ಪದದ ತಲೆಗೆ ಒಂದು ಟೋಪಿ ಇಟ್ಟರೆ ಸಾಕು. ನಮ್ಮ ಮಾತಿಗೆ ಆ ಟೋಪಿಗಿಂತ ಎರಡು ಕ್ರಿಯೆಗಳನ್ನು ಬೆನ್ನುಬೆನ್ನಿಗೆ ಇಡುವುದೇ ಸಲೀಸು: ಬಿಚ್ಚಿ ಕಟ್ಟು, ಬಿಡಿಸಿ ತುಂಬು, ಸುರಿದು ಅಳೆದು ತುಂಬು. ಇಂಗ್ಲಿಷ್ ಎಷ್ಟನೆಯ ಸಲ ಎಂದು ಹೇಳುತ್ತದೆ, ಕನ್ನಡ ಮೊದಲು ಏನು ಮಾಡಿದರು ಎಂದು ಹೇಳುತ್ತದೆ. ಗೆಳತಿಯ ಅಡುಗೆಮನೆಯಲ್ಲಿ ನಡೆಯುವುದೂ ಅದೇ: ಗೋಣಿಯ ಹೊಲಿಗೆ ಬಿಚ್ಚುತ್ತಾಳೆ, ತಕ್ಕಡಿಯಲ್ಲಿ ತೂಗುತ್ತಾಳೆ, ತುಂಬುತ್ತಾಳೆ, ಬಾಯಿಗೆ ಬಿಸಿ ಕೊಟ್ಟು ಅಂಟಿಸುತ್ತಾಳೆ. ಮತ್ತೊಮ್ಮೆ ಎಂಬುದು ಅದರಲ್ಲೆಲ್ಲೂ ಮುಖ್ಯವಲ್ಲ.

"ಕಟ್ಟು" ಎಂಬ ಒಂದು ಪದದ ಹರವನ್ನೂ ನೋಡಬೇಕು. ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಕಂತು ಕಟ್ಟುತ್ತೇವೆ. ಯಕ್ಷಗಾನದವರು ವೇಷ ಕಟ್ಟುತ್ತಾರೆ. ಸುಳ್ಳುಗಾರ ಕತೆ ಕಟ್ಟುತ್ತಾನೆ. ಇಲ್ಲಿಯ ಮರಾಠಿಯಲ್ಲಿ ಗಾಳಿಸುದ್ದಿ ಹಬ್ಬಿಸುವುದಕ್ಕೆ ಪುಡಿ ಬಿಡುವುದು ಎನ್ನುತ್ತಾರೆ. ಪುಡಿ ಎಂದರೆ ಅವರಲ್ಲಿ ಕಾಗದದ ಚಿಕ್ಕ ಪೊಟ್ಟಣ. ಅವರು ಪೊಟ್ಟಣ ಬಿಟ್ಟು ಮೋಸ ಮಾಡಿದರೆ ನಾವು ಕಟ್ಟಿ ಮೋಸ ಮಾಡುತ್ತೇವೆ. ಅಂದ ಹಾಗೆ, ಇದೇ ಕಾರಣಕ್ಕೆ ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ "ಮೆಣಸಿನ ಪುಡಿ" ಎಂದರೆ ಪೊಟ್ಟಣವೋ ಹುಡಿಯೋ ಎಂಬ ಅನುಮಾನ ಒಂದು ಕ್ಷಣ ಸುಳಿಯುತ್ತದೆ. ಪೊಟ್ಟಣಕ್ಕೆ ಕನ್ನಡದಲ್ಲೂ ಪುಡಿಕೆ ಎಂಬ ಮಾತಿದೆಯಾದ್ದರಿಂದ ಅವರನ್ನು ಬೈಯುವ ಹಾಗೂ ಇಲ್ಲ.

ಇಷ್ಟು ಹೊಗಳಿದ ಮೇಲೂ "ಬಿಚ್ಚಿ ಕಟ್ಟಿದ" ಎಂಬುದನ್ನು ಗೆಳತಿಯ ಚೀಟಿಗೆ ನಾನು ಕೊಡಲಿಲ್ಲ. "ಬಿಚ್ಚಿ ಕಟ್ಟಿದ ಮೆಣಸಿನ ಪುಡಿ" ಎಂದು ಓದಿದವರು ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು, ಮೊಹರು ಸರಿಯಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ಯಾರೋ ಕೈಯಾಡಿಸಿದ್ದಾರೆ ಎಂಬ ಭಾವ ಅದರಲ್ಲಿದೆ. ಕೆಲಸವನ್ನು ವಿವರಿಸುವಾಗ, ಸಹಾಯಕ್ಕೆ ಬರುವ ಹೆಂಗಸರಿಗೆ ಹೇಳಿಕೊಡುವಾಗ "ಬಿಡಿಸಿ ತುಂಬುವುದು" ಸರಿ. ಮಾರುವ ಚೀಟಿಗೆ ಅದು ತೀರಾ ಪ್ರಾಮಾಣಿಕ.

ಚೀಟಿಯ ವಿಷಯದಲ್ಲಿ ಕಾನೂನು ಏನು ಕೇಳುತ್ತದೆ ಎಂಬುದನ್ನು ಮೊದಲು ನೋಡಿದರೆ ಅರ್ಧ ಚರ್ಚೆ ಮುಗಿಯುತ್ತದೆ. ಆಹಾರ ಪರವಾನಗಿಯಲ್ಲಿ ರೀಪ್ಯಾಕರ್ ಎಂಬುದು ಒಂದು ವರ್ಗ, ರೀಲೇಬಲರ್ ಎಂಬುದು ಇನ್ನೊಂದು. ಮೊದಲನೆಯವರು ಒಡೆದು ತುಂಬುತ್ತಾರೆ, ಎರಡನೆಯವರು ಚೀಟಿ ಮಾತ್ರ ಬದಲಿಸುತ್ತಾರೆ. ಪೊಟ್ಟಣದಲ್ಲಿ ಮಾರುವ ಸಾಮಗ್ರಿಗಳ ಕುರಿತ 2011ರ ನಿಯಮಗಳ ಪ್ರಕಾರ ತಯಾರಕರು ಬೇರೆ, ತುಂಬಿದವರು ಬೇರೆ ಆಗಿದ್ದರೆ ಇಬ್ಬರ ಹೆಸರು, ವಿಳಾಸವೂ ಇರಬೇಕು. ಆ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಕನ್ನಡವನ್ನೋ ಮರಾಠಿಯನ್ನೋ ಅದರ ಜೊತೆಗೆ ಹಾಕಲು ಅಡ್ಡಿಯಿಲ್ಲ, ಅದರ ಬದಲಿಗೆ ಹಾಕುವಂತಿಲ್ಲ. ಹೀಗಾಗಿ ಕನ್ನಡದ ಸಾಲಿಗೆ ಕಾನೂನಿನ ಹೊರೆಯಿಲ್ಲ. ಯಾರು, ಯಾವಾಗ ತುಂಬಿದರು ಎಂದು ಓದುಗರಿಗೆ ತಿಳಿದರೆ ಸಾಕು. ಎಷ್ಟನೆಯ ಸಲ ಎಂಬುದನ್ನು ಬಿಟ್ಟುಬಿಡಬಹುದು. ಒಂದು ಎಚ್ಚರಿಕೆ: ಬರೀ ತುಂಬುವವರು "ತಯಾರಕರು" ಎಂದು ಹಾಕಿಸಬಾರದು. ಕೇಳಲು ಗೌರವವಾಗಿದೆ ಎಂದು ಹಾಕಿಸುವವರನ್ನು ನೋಡಿದ್ದೇನೆ. ಅದು ಅನುವಾದದ ತಪ್ಪಿಗಿಂತ ದೊಡ್ಡ ತಪ್ಪು.

ಉಳಿದದ್ದು ಎರಡು: "ಪ್ಯಾಕ್ ಮಾಡಿದವರು", "ತುಂಬಿದವರು". ಮೊದಲನೆಯದು ಎಲ್ಲರ ಕಣ್ಣಿಗೂ ಪರಿಚಿತ. ಊರಿನಿಂದ ಬರುವ ಪೊಟ್ಟಣಗಳ ಹಿಂದೆ ಅದೇ ಇರುತ್ತದೆ. ಎರಡನೆಯದು ಚಿಕ್ಕದು, ಅದರಲ್ಲಿ ಒಂದೂ ಒತ್ತಕ್ಷರವಿಲ್ಲ. ಹಪ್ಪಳ, ಚಕ್ಕುಲಿ ಮಾರುವವರಾದರೆ "ತುಂಬಿದವರು" ಸ್ವಲ್ಪ ವಿಚಿತ್ರವಾಗಿ ಕೇಳಬಹುದು, ಏಕೆಂದರೆ ಹಪ್ಪಳವನ್ನು ಜೋಡಿಸುತ್ತೇವೆ, ತುಂಬುವುದಿಲ್ಲ. ಅಂಥವರು ಮೊದಲನೆಯದನ್ನೇ ಇಟ್ಟುಕೊಳ್ಳಲಿ. ಪುಡಿ, ಎಣ್ಣೆ, ಜೇನುತುಪ್ಪದವರಿಗೆ ಎರಡನೆಯದು.

ಹಣದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಣ್ಣಬಣ್ಣದ ಚೀಲವನ್ನೇ ಅಚ್ಚು ಹಾಕಿಸುವುದಾದರೆ ಅದಕ್ಕೆ ಸಾಮಾನ್ಯವಾಗಿ ಕೊರೆದ ಉರುಳೆಗಳು ಬೇಕು, ಒಂದೊಂದು ಬಣ್ಣಕ್ಕೆ ಒಂದೊಂದು. ಆಮೇಲೆ ಒಂದು ಪದ ಬದಲಿಸಬೇಕೆಂದರೆ ಉರುಳೆಯನ್ನು ಹೊಸದಾಗಿ ಕೊರೆಸಬೇಕು; ಸಾವಿರಗಟ್ಟಲೆ ಚೀಲ ಮಾಡಿಸುವವರಿಗೆ ಮಾತ್ರ ಅದು ತಾಳುತ್ತದೆ. ತಿಂಗಳಿಗೆ ಇನ್ನೂರು ಮುನ್ನೂರು ಪೊಟ್ಟಣ ಮಾರುವವರು ಖಾಲಿ ಚೀಲ ತಂದು ಅಂಟುಚೀಟಿ ಹಚ್ಚುವುದು ಮೇಲು. ಪದ ಒಗ್ಗದಿದ್ದರೆ ಮುಂದಿನ ಹಾಳೆಯಲ್ಲಿ ಬದಲಿಸಬಹುದು. ಅಂದರೆ ಚೀಲದ ಮೇಲೆ ಅಚ್ಚು ಹಾಕಿಸುವವರು ಪದದಲ್ಲಿ ಸಾಹಸ ಮಾಡದೆ "ಪ್ಯಾಕ್ ಮಾಡಿದವರು" ಎನ್ನಲಿ. ಪ್ರಯೋಗಗಳೆಲ್ಲ ಅಂಟುಚೀಟಿಯವರಿಗೆ.

ವರದಿಗಾರನ ಕಷ್ಟ ಬೇರೆ ಜಾತಿಯದು. ಅಲ್ಲಿ ಯಾರೂ ಏನನ್ನೂ ಬಿಚ್ಚಿಲ್ಲ. ಅವನು ಮೊದಲು ಬರೆದದ್ದು "ಹಳೆಯ ಯೋಜನೆಗೆ ಹೊಸ ರೂಪ ನೀಡಲಾಗಿದೆ" ಎಂದು. ಓದಿ ನೋಡಿ: ಪ್ರತಿಪಕ್ಷದ ಆರೋಪ ಹೋಗಿ ಸರ್ಕಾರದ ಪ್ರಕಟಣೆ ಬಂದು ಕೂತಿದೆ. ಹೊಸ ರೂಪ ಎಂದರೆ ಕನ್ನಡದಲ್ಲಿ ಮೆಚ್ಚುಗೆ. ಹಳೆಯ ಮನೆಗೆ, ಹಳೆಯ ನಾಟಕಕ್ಕೆ ಹೊಸ ರೂಪ ಕೊಟ್ಟರೆ ಚಪ್ಪಾಳೆ ಸಿಗುತ್ತದೆ. ಒಳಗಿನದೂ ತುಸು ಬದಲಾಗಿ ಒಳ್ಳೆಯದಾಗಿದೆ ಎಂಬ ಧ್ವನಿ ಅದರಲ್ಲಿದೆ. ಜಾಹೀರಾತು ಬರೆಯುವವರು ಅದನ್ನೇ ಬಳಸಲಿ, ಅವರಿಗೆ ಬೇಕಾದದ್ದೂ ಅದೇ.

ಪತ್ರಿಕೆಗಳಲ್ಲಿ ಇನ್ನೊಂದು ಸಿದ್ಧ ಮಾತಿದೆ: ಹೊಸ ಬಾಟಲಿಯಲ್ಲಿ ಹಳೆಯ ಮದ್ಯ. ಇದು ನನಗೆ ಎಂದೂ ರುಚಿಸಿಲ್ಲ. ಬೈಬಲಿನಲ್ಲಿ ಯೇಸು ಹೇಳಿದ್ದು ಇದರ ತಿರುಗುಮುರುಗು: ಹೊಸ ದ್ರಾಕ್ಷಾರಸವನ್ನು ಹಳೆಯ ತೊಗಲಿನ ಚೀಲದಲ್ಲಿ ತುಂಬಬೇಡಿ, ಚೀಲ ಹರಿಯುತ್ತದೆ ಎಂದು. ಅದು ಯಾವಾಗಲೋ ಮಗುಚಿಕೊಂಡು ಇಂಗ್ಲಿಷಿನ ಮೂಲಕ ನಮಗೆ ಬಂತು. ಮೇಲಾಗಿ ಹಳೆಯದಾದಷ್ಟೂ ಬೆಲೆ ಏರುವ ವಸ್ತುವನ್ನು ಬೈಗುಳಕ್ಕೆ ಬಳಸುವುದು ವಿಚಿತ್ರ. ಗೋವೆಯಲ್ಲಿ ಫೆನಿ ಇಟ್ಟು ಹಳತು ಮಾಡಿದವರ ಎದುರು ಈ ಮಾತು ಹೇಳಿದರೆ ಅವರು ಅದನ್ನು ಹೊಗಳಿಕೆ ಎಂದೇ ತಿಳಿಯುತ್ತಾರೆ.

ಅಂಕಣ ಬರೆಯುವಾಗ ನಾನು "ನಿನ್ನೆಯ ಸಾರಿಗೆ ಇವತ್ತಿನ ಒಗ್ಗರಣೆ" ಎನ್ನುತ್ತೇನೆ. ಸಾರು ಅದೇ, ಸಾಸಿವೆ ಚಟಪಟ ಎಂದದ್ದು ಮಾತ್ರ ಹೊಸದು. ಮನೆ ನಡೆಸಿದವರಿಗೆಲ್ಲ ಆ ಕೈಚಳಕ ಗೊತ್ತು. ಆದರೆ ಸುದ್ದಿಯಲ್ಲಿ ಇದು ನಡೆಯದು. ನಾಯಕರು ಒಗ್ಗರಣೆಯ ಮಾತೇ ಆಡಿಲ್ಲ, ಅವರ ಬಾಯಿಗೆ ಸಾಸಿವೆ ಹಾಕುವ ಅಧಿಕಾರ ವರದಿಗಾರನಿಗಿಲ್ಲ. "ಹೊಸ ವೇಷ ತೊಡಿಸಿದ್ದಾರೆ" ಎಂಬುದಕ್ಕೂ ಅದೇ ತೊಡಕು. ವೇಷ ಎಂದೊಡನೆ ಕಪಟ ಬಂದುಬಿಡುತ್ತದೆ, ಮೂಲದ ಪದದಲ್ಲಿ ಅಷ್ಟು ಖಾರವಿಲ್ಲ. ಕೊನೆಗೆ ಅವನಿಗೆ ನಾನು ಹೇಳಿದ್ದು "ಹಳೆಯ ಯೋಜನೆಗೇ ಹೊಸ ಹೊದಿಕೆ ಹಾಕಿದ್ದಾರೆ" ಎಂದು. ಒಳಗಿನದು ಬದಲಾಗಿಲ್ಲ ಎಂಬುದು ಅದರಲ್ಲಿದೆ, ಚುಚ್ಚು ಹದವಾಗಿದೆ, "ಹಳೆಯ ಯೋಜನೆಗೇ" ಎಂಬಲ್ಲಿಯ ಏಕಾರವೇ ಆರೋಪದ ಕೆಲಸ ಮಾಡುತ್ತದೆ. ಶೀರ್ಷಿಕೆಗೆ ಜಾಗ ಕಡಿಮೆಯಿದ್ದರೆ: ಹಳೆಯ ಯೋಜನೆ, ಹೊಸ ಹೊದಿಕೆ.

ಹೆಸರು ಮಾತ್ರ ಬದಲಾದ ಕಡೆ ಈ ಪದಗಳು ಯಾವುವೂ ಬೇಡ. 2020ರಲ್ಲಿ ಫೇರ್ ಆ್ಯಂಡ್ ಲವ್ಲಿ ಎಂಬ ಮುಖಕ್ಕೆ ಹಚ್ಚುವ ಕ್ರೀಮು ಗ್ಲೋ ಆ್ಯಂಡ್ ಲವ್ಲಿ ಆಯಿತು. ಇಂಗ್ಲಿಷಿನಲ್ಲಿ ಅದಕ್ಕೆ ರೀಬ್ರ್ಯಾಂಡ್ ಎಂಬ ಬೇರೆಯೇ ಕ್ರಿಯಾಪದವಿದೆ. ಕನ್ನಡದಲ್ಲಿ "ಹೆಸರು ಬದಲಿಸಿದರು" ಎಂದರೆ ಯಾರಿಗೂ ಏನೂ ಕೊರತೆಯಾಗುವುದಿಲ್ಲ. ಮುಂಬಯಿಯ ರೈಲು ನಿಲ್ದಾಣ ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಗಿ, 2017ರಲ್ಲಿ ನಡುವೆ ಮಹಾರಾಜ್ ಸೇರಿದಾಗಲೂ ಕಮಾನು, ಗಡಿಯಾರ, ನೂಕುನುಗ್ಗಲು ಅವೇ ಇದ್ದವು. ಅದು ಹೆಸರಿನ ಬದಲಾವಣೆ, ಹೊದಿಕೆಯ ಮಾತಲ್ಲ. ನಮ್ಮ ತಂದೆಯ ಕಾಲದವರಿಗೆ ಅದು ಈಗಲೂ ವೀಟಿ.

ಬ್ಯಾಂಕಿನ ಪುಟ ಎಲ್ಲಕ್ಕಿಂತ ಅಪಾಯದ್ದಾಗಿತ್ತು. ಅಧಿಕಾರಿಯವರ ಕರಡಿನಲ್ಲಿ "ಸಾಲಗಳ ಪುನಾರಚನೆ" ಎಂದಿತ್ತು. ಕೇಳಲು ಘನವಾಗಿದೆ, ಆದರೆ ಅರ್ಥ ಪೂರ್ತಿ ಬೇರೆ. ಸಾಲ ಪುನಾರಚನೆ ಎಂದರೆ ಸಾಲ ಪಡೆದವನ ಕಂತು, ಅವಧಿ, ಬಡ್ಡಿಯ ಷರತ್ತುಗಳನ್ನು ಬದಲಿಸುವುದು. ಅದನ್ನು ಓದಿದ ಗೃಹಸಾಲದ ಗ್ರಾಹಕರು ತಮ್ಮ ತಿಂಗಳ ಕಂತು ಇಳಿಯುತ್ತದೆ ಎಂದು ಶಾಖೆಗೆ ಓಡಿ ಬರುತ್ತಾರೆ. ಆ ಪುಟದಲ್ಲಿದ್ದ ರೀಪ್ಯಾಕೇಜ್ ಎಂದರೆ ಬ್ಯಾಂಕು ತಾನು ಕೊಟ್ಟ ನೂರಾರು ಸಾಲಗಳನ್ನು ಒಂದು ರಾಶಿ ಮಾಡಿ, ಅವುಗಳಿಂದ ಬರುವ ಕಂತಿನ ಹಣದ ಮೇಲೆ ಹೂಡಿಕೆದಾರರಿಗೆ ಪತ್ರಗಳನ್ನು ಮಾರುವುದು. ಸಾಲಗಾರನ ಷರತ್ತು ಬದಲಾಗುವುದಿಲ್ಲ. ಅವನ ಕಂತಿನ ಹಣ ಕೊನೆಗೆ ಸೇರುವ ಕೈ ಬದಲಾಗುತ್ತದೆ.

"ಹೊಸ ಹೊದಿಕೆ" ಇಲ್ಲಿ ಏಕೆ ಆಗದು ಎಂದು ಅವರು ಕೇಳಿದರು. ಹೊದಿಕೆ ಎಂದರೆ ಒಳಗಿನದು ಇದ್ದ ಹಾಗೇ ಇದೆ ಎಂದಾಗುತ್ತದೆ. ಇಲ್ಲಿ ಬೆರೆಸುವುದು, ಕೊಯ್ಯುವುದು ಇವೇ ಮುಖ್ಯ ಕೆಲಸ. ಅಮೆರಿಕದಲ್ಲಿ 2008ಕ್ಕೆ ಮೊದಲು ನಡೆದದ್ದನ್ನು ನೆನೆದರೆ ಸಾಕು. ತೀರಿಸುವ ಶಕ್ತಿ ಕಡಿಮೆಯಿದ್ದವರ ಗೃಹಸಾಲಗಳನ್ನು ರಾಶಿ ಹಾಕಿದರು, ಅಪಾಯದ ಮಟ್ಟ ನೋಡಿ ಹೋಳು ಮಾಡಿದರು, ಉಳಿದ ಕೆಳಗಿನ ಹೋಳುಗಳನ್ನು ಮತ್ತೆ ರಾಶಿ ಹಾಕಿ ಕೊಯ್ದರು. ಅವುಗಳ ಮೇಲಿನ ಹೋಳಿಗೂ ಅತ್ಯುತ್ತಮ ದರ್ಜೆಯ ಮುದ್ರೆ ಬಿತ್ತು. ಮನೆಗಳ ಬೆಲೆ ಕುಸಿದು ಕಂತುಗಳು ನಿಂತಾಗ ಯಾವ ಹೋಳಿನಲ್ಲಿ ಯಾರ ಸಾಲವಿದೆ ಎಂದು ತಿಳಿಯುವುದೇ ದುಸ್ತರವಾಯಿತು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ಅಲ್ಲಿಯ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿತು. ಇದನ್ನು ಹೊದಿಕೆ ಎಂದರೆ ಸಾಂಬಾರನ್ನು ತಟ್ಟೆಯ ಮೇಲಿನ ಬಾಳೆಲೆ ಎಂದಂತೆ. ಅಧಿಕಾರಿಯವರಿಗೆ ನಾನು ಕೊಟ್ಟದ್ದು "ಸಾಲಗಳನ್ನು ಒಟ್ಟುಗೂಡಿಸಿ ಹೂಡಿಕೆ ಪತ್ರಗಳಾಗಿ ಮಾರುವುದು" ಎಂಬ ಉದ್ದನೆಯ ಮಾತು. ಮೊದಲ ಸಲ ಹೀಗೆ ಬಿಡಿಸಿ ಬರೆದು, ಮುಂದೆ "ಸೆಕ್ಯುರಿಟೈಸೇಷನ್" ಎಂಬ ಪಾರಿಭಾಷಿಕ ಪದವನ್ನೇ ಇಟ್ಟುಕೊಳ್ಳಿ ಎಂದೆ. ಪುಟದಲ್ಲಿ ಅರ್ಧ ಸಾಲು ಹೆಚ್ಚಾಯಿತು. ಹಣದ ವಿಷಯದಲ್ಲಿ ಅರ್ಧ ಸಾಲು ಉಳಿಸಲು ಹೋಗಬಾರದು.

ಇನ್ನುಳಿದವು ಚಿಕ್ಕಪುಟ್ಟವು. ತಂಗಿಯ ಮಗಳು ಕೊರಿಯಾದ ಹಾಡುಗಳ ಹುಚ್ಚಿನವಳು. ಅಲ್ಲಿ ರೀಪ್ಯಾಕೇಜ್ ಎಂದರೆ ಒಂದು ಆಲ್ಬಂ ಬಂದ ಸ್ವಲ್ಪ ಕಾಲದ ಮೇಲೆ ಒಂದೆರಡು ಹೊಸ ಹಾಡು, ಹೊಸ ಮುಖಪುಟ ಸೇರಿಸಿ ಅದನ್ನೇ ಮತ್ತೆ ಬಿಡುಗಡೆ ಮಾಡುವುದು. "ದೊಡ್ಡಮ್ಮ, ಅದಕ್ಕೆ ಕನ್ನಡ ಹುಡುಕಬೇಡಿ, ಯಾರೂ ಹೇಳುವುದಿಲ್ಲ" ಎಂದಳು. ಒಪ್ಪಿದೆ, ಆ ವಲಯದೊಳಗೆ ಅದು ವಸ್ತುವಿನ ಹೆಸರಾಗಿಬಿಟ್ಟಿದೆ. ಹೊರಗಿನವರಿಗೆ ವಿವರಿಸಬೇಕಾದರೆ ನಮ್ಮ ಪ್ರಕಾಶಕರ "ವಿಸ್ತೃತ ಆವೃತ್ತಿ" ಹತ್ತಿರ ಬರುತ್ತದೆ. ಮುದ್ರಣ ಬೇರೆ, ಆವೃತ್ತಿ ಬೇರೆ ಎಂಬ ವಿವೇಕ ಕನ್ನಡದ ಪುಸ್ತಕದವರಿಗೆ ಮೊದಲಿನಿಂದ ಇದೆ. ಕಂಪ್ಯೂಟರಿನವರು ತಂತ್ರಾಂಶವನ್ನು ರೀಪ್ಯಾಕೇಜ್ ಮಾಡುತ್ತಾರೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದರಿಂದ ಇಂಗ್ಲಿಷನ್ನೇ ಇಟ್ಟುಕೊಳ್ಳಲಿ.

ಗೆಳತಿ ಅಂಟುಚೀಟಿಯನ್ನೇ ಆರಿಸಿದಳು. ಅಚ್ಚಿನವನಿಗೆ ಅಕ್ಷರವನ್ನು ಹಾಗೆಯೇ ಕೊಡಬೇಡ, ಚಿತ್ರವಾಗಿ ಮಾಡಿದ ಕಡತ ಕೊಡು ಎಂದು ಹೇಳಿದ್ದೆ. ಅವಳು ಮರೆತು ಸಂದೇಶದಲ್ಲಿ ಬರೆದು ಕಳಿಸಿದ್ದಳು. ನಿನ್ನೆ ಮಾದರಿ ಹಾಳೆಯ ಚಿತ್ರ ಕಳಿಸಿದ್ದಾಳೆ. "ತುಂಬಿದವರು" ಮತ್ತು "ತುಂಬಿದ ತಿಂಗಳು" ಎರಡೂ ಸುಸೂತ್ರವಾಗಿ ಮೂಡಿವೆ. ಅವುಗಳ ಪಕ್ಕದಲ್ಲಿ ಅವಳ ಹೆಸರು ಮಾತ್ರ ಚೂರುಚೂರಾಗಿದೆ. ಪಾಪ, ಅದರಲ್ಲಿ ಎರಡು ಒತ್ತಕ್ಷರಗಳಿವೆ.